ವಿಮಾನದ ಹೊಟ್ಟೆಯೂ ನಮ್ಮ ಹೊಟ್ಟೆಯೂ



ಪ್ರವಾಸಕ್ಕೆ ಹೊರಟವರು ಯಾವ ಸೀಮೆಯವರೆಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಅವರು ಬುತ್ತಿಯ ಗಂಟು ಬಿಚ್ಚುವವರೆಗೆ ತಾಳಿದರೆ ಸಾಕು. ಕಟಕ ರೊಟ್ಟಿ, ಶೇಂಗಾ ಚಟ್ನಿ ಹೊರಬಂದರೆ ವಿಜಯಪುರದ ಕಡೆಯವರು. ಪುಳಿಯೋಗರೆ ಹೊರಬಂದರೆ ಮೈಸೂರು ಸೀಮೆಯವರು. ಎರಡೂ ಒಂದೇ ಗಂಟಿನಿಂದ ಹೊರಬಂದರೆ ಅದು ನಮ್ಮ ಮನೆ. ಏಕೆಂದರೆ ನಾವು ಗಡಿಯ ಜತ್ತ ತಾಲೂಕಿನವರು, ನಮ್ಮ ಮನೆಯವರು ಹಾಸನದವರು. ಹೀಗಾಗಿ ನಮ್ಮಲ್ಲಿ ಚಹದ ಪಕ್ಷ, ಕಾಫಿಯ ಪಕ್ಷ ಎಂದು ಎರಡು ಪಕ್ಷಗಳುಂಟು. ಮೊದಲನೆಯದಕ್ಕೆ ನಮ್ಮ ಅವ್ವ ಅಧ್ಯಕ್ಷೆ, ಎರಡನೆಯದಕ್ಕೆ ಮನೆಯವರು. ನಾವು ಬೆಳಿಗ್ಗೆ ಅತ್ತ, ಸಂಜೆ ಇತ್ತ ಸೇರಿಕೊಂಡು ಸಂಸಾರವನ್ನು ತೂಗಿಸುತ್ತ ಬಂದಿದ್ದೇವೆ.

ಬಾರಾಮತಿಯಿಂದ ಬೆಂಗಳೂರಿಗೆ ನಮ್ಮ ಹಾದಿ ಮೊದಲಿನಿಂದಲೂ ರೈಲಿನದು. ದೌಂಡಿಗೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಕುರ್ಡುವಾಡಿ, ಸೊಲ್ಲಾಪುರ, ಕಲಬುರ್ಗಿ, ರಾಯಚೂರು ಎನ್ನುತ್ತ ಮರುದಿನ ಬೆಂಗಳೂರು. ರೈಲಿನಲ್ಲಿ ಹೊಟ್ಟೆಯ ಚಿಂತೆಯೆಂಬುದೇ ಇಲ್ಲ. ಗಾಡಿ ದೌಂಡು ಬಿಟ್ಟು ಅರ್ಧ ಗಂಟೆಯಾಗುವುದರೊಳಗೆ ಅವ್ವ ಸೀಟಿನ ಮೇಲೆ ಹಳೆಯ ಪಂಚೆ ಹಾಸಿ ಗಂಟು ಬಿಚ್ಚುತ್ತಾಳೆ. ಎದುರಿನ ಸೀಟಿನವರು ತಮ್ಮ ಡಬ್ಬಿ ತೆರೆಯುತ್ತಾರೆ. ಸೊಲ್ಲಾಪುರ ಬರುವ ಹೊತ್ತಿಗೆ ಉಪ್ಪಿನಕಾಯಿಯ ವಿನಿಮಯವಾಗಿ ಎರಡು ಸಂಸಾರಗಳ ಬೀಗತನವೊಂದು ಬಾಕಿ ಉಳಿದಿರುತ್ತದೆ.

ಕಳೆದ ಸಲ ಮಾತ್ರ ಹಾಗಾಗಲಿಲ್ಲ. ಮನೆಯವರ ತಂಗಿಯ ಮದುವೆ ಬೆಂಗಳೂರಿನಲ್ಲಿ ನಿಶ್ಚಯವಾಯಿತು. ನಮ್ಮ ಕಚೇರಿಯಲ್ಲೋ ವರ್ಷಾಂತ್ಯದ ಲೆಕ್ಕಪತ್ರಗಳ ಕಾಲ. ಸಾಹೇಬರು ಮೂರು ದಿನದ ಸಾಂದರ್ಭಿಕ ರಜೆಯನ್ನೇ ಮೂರು ಎಕರೆ ಜಮೀನು ಬರೆದುಕೊಟ್ಟಂತೆ ಮುಖ ಮಾಡಿ ಮಂಜೂರು ಮಾಡಿದರು. ರೈಲಿನಲ್ಲಿ ಹೋಗಿಬರುವುದಕ್ಕೇ ಎರಡು ದಿನ ಬೇಕು. ಸಂಗತಿ ತಿಳಿದ ನಮ್ಮ ಭಾವಮೈದುನ ಪುಣೆಯಿಂದ ಬೆಂಗಳೂರಿಗೆ ನಾಲ್ಕು ವಿಮಾನದ ಟಿಕೆಟು ತೆಗೆಸಿ ಕಳುಹಿಸಿದ. ಅವ್ವ, ಮನೆಯವರು, ಎಂಟು ವರ್ಷದ ಮಗ ಮತ್ತು ನಾವು. ಅವ್ವ ವಿಮಾನ ಹತ್ತುವುದು ಅದೇ ಮೊದಲು. ನಿಜ ಹೇಳಬೇಕೆಂದರೆ ನಾವೂ ಅದಕ್ಕೆ ಮುಂಚೆ ಹತ್ತಿದ್ದು ಒಂದೇ ಸಲ. ಆದರೂ ಮನೆಯಲ್ಲಿ ಹತ್ತು ಸಲ ಹತ್ತಿದವರಂತೆ ಅಪ್ಪಣೆ ಕೊಡತೊಡಗಿದೆವು. ಅನಾಹುತದ ಬೀಜ ಬಿದ್ದದ್ದು ಅಲ್ಲೇ.

ಹೊರಡುವ ಹಿಂದಿನ ರಾತ್ರಿ ಮನೆಯವರು ಬುತ್ತಿ ಕಟ್ಟಿದರು: ಹತ್ತು ಚಪಾತಿ, ಶೇಂಗಾ ಚಟ್ನಿ, ಒಂದು ಡಬ್ಬಿ ಪುಳಿಯೋಗರೆ, ಮಗನಿಗೆ ನಾಲ್ಕು ರವೆಉಂಡೆ. ಅವ್ವ ಅದನ್ನು ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ನಾವು ನೋಡಿದೆವು.

“ಅವ್ವಾ, ಇದನ್ನ ದೊಡ್ಡ ಪೆಟ್ಟಿಗ್ಯಾಗ ಹಾಕು. ಅಲ್ಲಿ ಎಲ್ಲಾರೂ ದೊಡ್ಡ ದೊಡ್ಡ ಮಂದಿ ಇರತಾರ. ಅವರ ಮುಂದ ಡಬ್ಬಿ ಬಿಚ್ಚಿ ಕೂತರ ಚೊಲೋ ಕಾಣಸೂದಿಲ್ಲ.”

“ಮತ್ತ ಹಸಿವಾದರ?”

“ಅಲ್ಲೇ ಕಾಫಿ, ತಿಂಡಿ ಎಲ್ಲಾ ಸಿಗತದ.”

ಮನೆಯವರು “ಏನ್ರೀ, ಅತ್ತೆಯವರಿಗೆ ಬೆಳಿಗ್ಗೆ ಮಾತ್ರೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು” ಎಂದರು. ನಾವು “ಗೊತ್ತು, ಗೊತ್ತು” ಎಂದೆವು. ಬಿ.ಎ. ಪಾಸಾದವರಿಗೆ ಎಲ್ಲವೂ ಗೊತ್ತಿರುತ್ತದಷ್ಟೆ! ಬುತ್ತಿ ದೊಡ್ಡ ಪೆಟ್ಟಿಗೆಗೆ ಹೋಯಿತು.

ವಿಮಾನ ಬೆಳಿಗ್ಗೆ ಒಂಬತ್ತಕ್ಕೆ. ಬಾರಾಮತಿಯಿಂದ ಪುಣೆಯ ಲೋಹಗಾಂವ್ ನಿಲ್ದಾಣ ಸುಮಾರು ೧೦೦ ಕಿಲೋಮೀಟರು. ಬಾಡಿಗೆ ಕಾರಿನಲ್ಲಿ ಮೂರು ಗಂಟೆಗೇ ಹೊರಟು, ಅರ್ಧ ನಿದ್ದೆಯಲ್ಲಿ ಆರೂವರೆಗೆ ತಲುಪಿದೆವು. ಅಲ್ಲಿಯ ಹೊಸ ಟರ್ಮಿನಲ್ ೨೦೨೪ರ ಜುಲೈಯಲ್ಲಿ ಬಳಕೆಗೆ ತೆರೆದದ್ದು. ಎತ್ತರವಾದ ಚಾವಣಿ, ಕನ್ನಡಿಯಂಥ ನೆಲ. ಅವ್ವ ಒಳಗೆ ಕಾಲಿಡುವಾಗ ಚಪ್ಪಲಿ ಬಿಡಬೇಕೇನೋ ಎಂದು ಒಂದು ಕ್ಷಣ ನಿಂತಳು. ದೊಡ್ಡ ಪೆಟ್ಟಿಗೆಯನ್ನು ಕೌಂಟರಿನಲ್ಲಿ ತೂಗಿ, ಚೀಟಿ ಅಂಟಿಸಿ, ಪಟ್ಟಿಯ ಮೇಲೆ ಹೊರಳಿಸಿದರು. ಚಪಾತಿ, ಚಟ್ನಿ, ಪುಳಿಯೋಗರೆಗಳೊಡನೆ ಅದು ರಬ್ಬರಿನ ಪರದೆಯಾಚೆ ಮರೆಯಾಯಿತು.

ಮುಂದೆ ತಪಾಸಣೆ. ಮದುಮಗಳ ಉಡಿ ತುಂಬಲೆಂದು ಅವ್ವ ಐದು ಕೊಬ್ಬರಿ ಗಿಟುಕುಗಳನ್ನು ನಮಗೂ ಹೇಳದೆ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಯಂತ್ರದಲ್ಲಿ ಅವು ಕಂಡವು. ಇಡಿಯ ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೇಗ ಹೊತ್ತಿಕೊಳ್ಳುವ ಪದಾರ್ಥ, ಆದ್ದರಿಂದ ವಿಮಾನದಲ್ಲಿ ಒಯ್ಯುವಂತಿಲ್ಲವೆಂದು ಅಲ್ಲಿಯ ಹೆಣ್ಣುಮಗಳು ಮರ್ಯಾದೆಯಿಂದಲೇ ತಿಳಿಸಿದಳು. ಉಡಿಯ ಕೊಬ್ಬರಿ ಹೋಯಿತಲ್ಲಾ ಎಂದು ಅವ್ವನ ಮುಖ ಸಣ್ಣದಾಯಿತು. ಸಮಾಧಾನ ಹೇಳಿ, ಚಪ್ಪಲಿ, ಬೆಲ್ಟು, ಮೊಬೈಲುಗಳನ್ನು ಒಟ್ಟುಗೂಡಿಸಿಕೊಳ್ಳುವುದರೊಳಗೆ ಏಳೂವರೆ ದಾಟಿತು. ಅದು ಅವ್ವನ ಮಾತ್ರೆಯ ಹೊತ್ತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವಳು. ಮನೆಯಲ್ಲಿ ಏಳೂವರೆಗೆ ಮಾತ್ರೆ, ಎಂಟಕ್ಕೆ ತಿಂಡಿ, ಇದು ತಪ್ಪದ ನೇಮ. ರೂಢಿಯ ಬಲದಿಂದ ಅವಳು ಮಾತ್ರೆ ನುಂಗಿ ನೀರು ಕುಡಿದಳು. ನಾವು ಕೊಬ್ಬರಿಯ ಗಲಾಟೆಯಲ್ಲಿ ಅದನ್ನು ಗಮನಿಸಲಿಲ್ಲ.

ಆಮೇಲೆ ಕಾಫಿ-ತಿಂಡಿಯ ಶೋಧನೆ. ಗಾಜಿನ ಪೆಟ್ಟಿಗೆಗಳಲ್ಲಿ ತಿಂಡಿಗಳು ಒಡವೆಗಳಂತೆ ದೀಪದ ಕೆಳಗೆ ಮೆರೆಯುತ್ತಿದ್ದವು. ಮೇಲೆ ಹಲಗೆಯಲ್ಲಿ ಕಾಫಿಯ ನಾಮಾವಳಿ: ಕ್ಯಾಪುಚಿನೊ, ಲಾಟೆ, ಅಮೆರಿಕಾನೊ. ಅಮೆರಿಕಾನೊ ಎಂದರೇನೆಂದು ವಿಚಾರಿಸಿದೆವು. ಯಂತ್ರದಲ್ಲಿ ಇಳಿಸಿದ ಗಟ್ಟಿ ಕಾಫಿಗೆ ಬಿಸಿನೀರು ಬೆರೆಸಿದ್ದು, ಹಾಲಿಲ್ಲ. ಮನೆಯವರು ನಮ್ಮ ಕಡೆ ನೋಡಿದ ನೋಟದ ಅರ್ಥ, ಹಾಸನದಲ್ಲಿ ಇಂಥದನ್ನು ಅತಿಥಿಗೆ ಕೊಟ್ಟರೆ ಸಂಬಂಧ ಮುರಿಯುತ್ತದೆ ಎಂದು. ಬಾಬಾಬುಡನ್ ಅವರು ಯೆಮೆನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಈ ಹೊತ್ತಿಗೂ ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳುಳ್ಳ ನಮ್ಮ ಕರ್ನಾಟಕದಲ್ಲೇ. ಅಂಥ ನಾಡಿನ ಬೀಜ ಪರದೇಶದ ಹೆಸರು ಹೊತ್ತು ನಮಗೇ ಅಪರಿಚಿತವಾಗಿ ಎದುರು ನಿಂತಿತ್ತು.

ಹೆಸರು ಹಾಗಿರಲಿ, ಬೆಲೆ ನೋಡಿದೆವು. ಒಂದು ಕಪ್ಪು ಕ್ಯಾಪುಚಿನೊಗೆ ೨೭೦ ರೂಪಾಯಿ. ಎರಡು ಇಡ್ಲಿಗೆ ಇನ್ನೂರರ ಮೇಲೆ. ಗುಮಾಸ್ತನ ತಲೆ ತಾನಾಗಿಯೇ ಕೂಡಿಸತೊಡಗಿತು. ನಾಲ್ವರು ಕಾಫಿ-ತಿಂಡಿ ಮುಗಿಸಿದರೆ ಸಾವಿರದ ಎಂಟುನೂರನ್ನು ಮೀರುತ್ತದೆ. ಅಂದರೆ ನಮ್ಮ ಮನೆಯ ಇಪ್ಪತ್ತು ದಿನದ ಹಾಲು! ಈ ಲೆಕ್ಕ ನಮ್ಮ ಮುಖದ ಮೇಲೆ ಮೂಡಿರಬೇಕು. ಅವ್ವ ಓದಿದವಳಲ್ಲ, ಆದರೆ ಮಗನ ಮುಖ ಓದಬಲ್ಲವಳು.

“ಎಷ್ಟಂತಪಾ?”

ಹೇಳಿದೆವು.

“ಎರಡು ನೂರಾ ಎಪ್ಪತ್ತು? ಒಂದು ಕಪ್ಪಿಗೇನು, ಇಡೀ ಕಿಟ್ಲಿಗೇನು?”

“ಕಪ್ಪಿಗೇ ಅವ್ವಾ.”

“ಬ್ಯಾಡ ಬಿಡು. ನನಗೇನು ಹಸಿವಿಲ್ಲ. ಬೆಂಗಳೂರಾಗ ಬೀಗರ ಮನಿಯಾಗ ಉಂಡರಾತು. ಹುಡುಗಗ ಒಂದು ಏನರೆ ಕೊಡಸು.”

ಇಲ್ಲಿ ನಾವು ವಾಚಕರ ಮುಂದೆ ತಪ್ಪೊಪ್ಪಿಕೊಳ್ಳಬೇಕು. “ಹಾಗೆಂದರೆ ಹೇಗೆ, ತಿನ್ನಲೇಬೇಕು” ಎಂದು ನಾವು ಒತ್ತಾಯಿಸಬೇಕಾಗಿತ್ತು. ಒತ್ತಾಯಿಸಲಿಲ್ಲ. ಅವಳು ಬೇಡವೆಂದಾಗ ಒಳಗೊಳಗೇ ಹಗುರವಾಯಿತು. ಮಗನಿಗೊಂದು ಬನ್ನು, ಮನೆಯವರಿಗೂ ನಮಗೂ ಸೇರಿ ಒಂದು ಕಾಫಿ ಕೊಂಡು, ಮಿತವ್ಯಯ ಸಾಧಿಸಿದ ತೃಪ್ತಿಯಿಂದ ಕುಳಿತೆವು.

ಎಂಟು ಗಂಟೆ ಹತ್ತು ನಿಮಿಷವಾಗಿರಬೇಕು. ಮಗ “ಅಪ್ಪಾ, ಅಜ್ಜಿ ಕೈ ನಡುಗ್ತಿದೆ” ಎಂದ. ನೋಡಿದರೆ ಅವ್ವನ ಹಣೆಯ ಮೇಲೆ ಬೆವರು. ಆ ತಣ್ಣನೆಯ ಗಾಳಿಯಲ್ಲಿ ರವಿಕೆ ಒದ್ದೆಯಾಗಿತ್ತು. “ಅವ್ವಾ” ಎಂದರೆ, ಜತ್ತದ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ಮನೆಯವರು ಒಂದೇ ಮಾತು ಕೇಳಿದರು: “ಮಾತ್ರೆ ತಗೊಂಡಿದ್ದಾರಾ?” ಚೀಲ ತೆರೆದರೆ ಆ ದಿನದ ಗುಳಿಗೆಯ ಮನೆ ಖಾಲಿ. ಮಾತ್ರೆ ಒಳಗೆ ಹೋಗಿದೆ, ಅನ್ನ ಹೋಗಿಲ್ಲ; ರಕ್ತದ ಸಕ್ಕರೆ ಇಳಿದುಬಿಟ್ಟಿದೆ.

ಬುತ್ತಿ ಎಲ್ಲಿ? ವಿಮಾನದ ಹೊಟ್ಟೆಯಲ್ಲಿ. ರವೆಉಂಡೆ ಎಲ್ಲಿ? ಅದೂ ಅಲ್ಲೇ. ನಾವು ಕಾಫಿಯ ಅಂಗಡಿಗೆ ಓಡಿದೆವು. ಸಾಲಿನಲ್ಲಿ ಏಳೆಂಟು ಜನ. ಸರಕಾರಿ ಕಚೇರಿಯಲ್ಲಿ ದಿನವೂ ಜನರಿಗೆ ಸಾಲಿನ ಶಿಸ್ತು ಹೇಳುವ ನಾವು ಸಾಲನ್ನು ಸೀಳಿಕೊಂಡು ಹೋಗಿ, ಮರಾಠಿಯೋ ಕನ್ನಡವೋ ತಿಳಿಯದಂತೆ, ತಾಯಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಕೂಗಿದೆವು. ಅಂಗಡಿಯ ಹುಡುಗ, ಇಪ್ಪತ್ತು ವರ್ಷವಿದ್ದೀತು, ಒಂದು ಲೋಟ ನೀರು ಹಿಡಿದು, ಕಾಫಿಗೆಂದು ಇಟ್ಟಿದ್ದ ಸಕ್ಕರೆಯ ಚೀಟಿಗಳನ್ನು ಹಿಡಿತುಂಬ ಬಾಚಿಕೊಂಡು ತಾನೇ ಹೊರಗೆ ಬಂದ. ನಾವು ಜೇಬಿಗೆ ಕೈಹಾಕಿದೆವು. “ಆಧೀ ಆಜೀಲಾ ದ್ಯಾ, ಪೈಸೇ ನಂತರ” ಎಂದ. ಮೊದಲು ಅಜ್ಜಿಗೆ ಕೊಡಿ, ದುಡ್ಡು ಆಮೇಲೆ. ಮನೆಯವರು ಮೂರು ಚೀಟಿ ಸಕ್ಕರೆಯನ್ನು ನೀರಿನಲ್ಲಿ ಕದಡಿ, ಅವ್ವನ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು, ಗುಟುಕು ಗುಟುಕಾಗಿ ಕುಡಿಸಿದರು.

ಆ ಹದಿನೈದು ನಿಮಿಷ ನಾವು ಗಡಿಯಾರವನ್ನು ನೋಡಿದಂತೆ ಯಾವ ಪರೀಕ್ಷೆಯಲ್ಲೂ ನೋಡಿಲ್ಲ. ನಿಧಾನವಾಗಿ ಕೈಯ ನಡುಕ ನಿಂತಿತು. ಬೆವರು ಆರಿತು. ಅವ್ವ ಸುತ್ತ ನೋಡಿ, ಸೆರಗು ಸರಿಮಾಡಿಕೊಂಡು, “ಇಷ್ಟು ಮಂದಿ ಯಾಕ ನಿಂತಾರ? ವಿಮಾನ ಹೋತೇನು?” ಎಂದಳು. ಆಗ ಎರಡು ಇಡ್ಲಿ ತರಿಸಿ ತಿನ್ನಿಸಿದೆವು. ಅದರ ಬೆಲೆ ಎಷ್ಟಾಯಿತೆಂದು ಈಗ ಕೇಳಿದರೆ ನೆನಪಿಲ್ಲ. ಬಾಗಿಲು ಮುಚ್ಚುವ ಮುಂಚೆ ಹತ್ತಿದವರಲ್ಲಿ ನಾವು ನಾಲ್ವರೇ ಕೊನೆ. ಸಕ್ಕರೆಯ ದುಡ್ಡು ಕೊಡಲು ಹೋದರೆ ಆ ಹುಡುಗ ನಕ್ಕ. ಸಕ್ಕರೆಗೆ ಅಲ್ಲಿ ದುಡ್ಡಿಲ್ಲವಂತೆ. ೨೭೦ ರೂಪಾಯಿಯ ಅಂಗಡಿಯಲ್ಲಿ ಅವ್ವನ ಜೀವ ಉಳಿಸಿದ ವಸ್ತು ಪುಕ್ಕಟೆಯದು!

ವಿಮಾನ ಮೇಲೇರಿದ ಮೇಲೆ ಅವ್ವ ಮೋಡ ನೋಡುತ್ತಿದ್ದಳು. ನಾವು ನಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದೆವು. ಮೊದಲು ಅಂಗಡಿಗಳ ಮೇಲೆ ಸಿಟ್ಟು ಬಂತು. ನಿಲ್ದಾಣದ ಚಹ-ನೀರಿನ ದುಬಾರಿಯ ಮಾತು ೨೦೨೪ರಲ್ಲಿ ರಾಜ್ಯಸಭೆಯಲ್ಲೂ ಎದ್ದಿತ್ತು. ಆ ಡಿಸೆಂಬರಿನಲ್ಲಿ ಕೋಲ್ಕತ್ತದ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆದರು; ಚಹ, ನೀರು ಹತ್ತು ಹತ್ತು ರೂಪಾಯಿ, ಕಾಫಿ, ಸಮೋಸ ಇಪ್ಪತ್ತು ಇಪ್ಪತ್ತು. ೨೦೨೫ರ ಫೆಬ್ರವರಿಯಲ್ಲಿ ಚೆನ್ನೈಯಲ್ಲೂ ಬಂತು. ಒಳ್ಳೆಯ ಕೆಲಸ, ಎಲ್ಲ ನಿಲ್ದಾಣಗಳಲ್ಲೂ ಆಗಲಿ. ಆದರೆ ಮಿಕ್ಕ ಅಂಗಡಿಯವನ ಲೆಕ್ಕವೂ ಉಂಟು. ಅವನು ನಿಲ್ದಾಣಕ್ಕೆ ಭಾರಿ ಬಾಡಿಗೆಯನ್ನೋ ವ್ಯಾಪಾರದಲ್ಲಿ ಪಾಲನ್ನೋ ಕೊಡಬೇಕು. ಒಳಗೆ ಬರುವ ಪ್ರತಿಯೊಂದು ಚೀಲಕ್ಕೂ, ಪ್ರತಿಯೊಬ್ಬ ಕೆಲಸಗಾರನಿಗೂ ತಪಾಸಣೆ. ಆ ಖರ್ಚೆಲ್ಲ ಕೊನೆಗೆ ಬಂದು ಕೂರುವುದು ಕಪ್ಪಿನ ಮೇಲೆಯೇ.

ಹಿಂದೆ ವಿಮಾನದ ಟಿಕೆಟಿನಲ್ಲೇ ತಿಂಡಿ ಸೇರಿರುತ್ತಿತ್ತು. ೨೦೦೩ರಲ್ಲಿ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಆರಂಭಿಸಿ, ಪುಕ್ಕಟೆ ಊಟ ಮುಂತಾದುವನ್ನು ತೆಗೆದು ಟಿಕೆಟಿನ ದರ ಇಳಿಸಿದರು. ಸಾಮಾನ್ಯನೂ ಹಾರಲಿ ಎಂಬುದು ಅವರ ಆಸೆ. ಅಂದಮೇಲೆ ನಮ್ಮಂಥ ಗುಮಾಸ್ತರ ಅವ್ವ ಇಂದು ವಿಮಾನ ಹತ್ತಿದ್ದು ಊಟ ಬಿಟ್ಟ ಟಿಕೆಟಿನ ಪುಣ್ಯದಿಂದಲೇ. ಊಟವಿಲ್ಲದ ಟಿಕೆಟಿಗೆ ಮದ್ದು ಬುತ್ತಿ. ಮದ್ದು ನಮ್ಮ ಬಳಿ ಇತ್ತು. ನಾವೇ ಅದನ್ನು ನಾಚಿಕೆಯಿಂದ ಬೀಗ ಹಾಕಿ ಕಳುಹಿಸಿದ್ದೆವು.

ಈ ನಾಚಿಕೆ ಎಲ್ಲಿಂದ ಬಂತೆಂದು ಯೋಚಿಸಿದಷ್ಟೂ ನಗು ಬರುತ್ತದೆ, ನೋವೂ ಆಗುತ್ತದೆ. ಪರವೂರಿಗೆ ಬಂದ ಕನ್ನಡಿಗರು ಇಲ್ಲಿ ಮರ್ಯಾದೆ ಗಳಿಸಿದ್ದು ಯಾವುದರಿಂದ? ಅಡಿಗೆಯಿಂದ. ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದವರು ೨೦೨೩ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು, ನಮ್ಮ ಕರಾವಳಿಯಿಂದ ಬಂದವರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು ೧೯೪೨ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟಕ್ಕೆ ಎಷ್ಟು ತಲೆಮಾರು ಸಾಲು ನಿಂತಿಲ್ಲ! ನಮ್ಮವರ ಕೈಯಡಿಗೆಯನ್ನು ಇಡೀ ಮಹಾರಾಷ್ಟ್ರ ಮೆಚ್ಚಿ ತಿಂದಿದೆ. ಅದೇ ಕೈಯಡಿಗೆಯನ್ನು ಅಪರಿಚಿತರ ಮುಂದೆ ತೆರೆಯಲು ಬಿ.ಎ. ಪಾಸಾದ ನಮಗೆ ಸಂಕೋಚ! ಆ ಬೆಳಿಗ್ಗೆ ಅಲ್ಲಿದ್ದ ‘ದೊಡ್ಡ ದೊಡ್ಡ ಮಂದಿ’ ನಮ್ಮನ್ನು ಒಂದು ಸಲವಾದರೂ ನೋಡಿದ್ದರೇ? ಇಲ್ಲ. ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡುತ್ತಿದ್ದರು. ಅವರೆಲ್ಲ ತಲೆಯೆತ್ತಿ ನೋಡಿದ್ದು ಅವ್ವ ಬೆವರಿ ಕುಸಿದಾಗ.

ಮದುವೆ ಚೆನ್ನಾಗಿ ನಡೆಯಿತು. ಉಡಿಗೆ ಬೇಕಾದ ಕೊಬ್ಬರಿ ಬೆಂಗಳೂರಿನ ಗಾಂಧಿಬಜಾರಿನಲ್ಲಿ ಸಿಕ್ಕಿತು. ಬೀಗರ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಹತ್ತೂ ಚಪಾತಿ ಹಾಗೇ ಇದ್ದವು. ಅವ್ವ ಯಾರಿಗೂ ಏನೂ ಹೇಳಲಿಲ್ಲ. “ಹಾದ್ಯಾಗ ಹೊತ್ತಾಗಲಿಲ್ಲ” ಎಂದಳಷ್ಟೆ. ಮಗನ ಮಾನ ಉಳಿಸುವ ವಿದ್ಯೆಯನ್ನು ತಾಯಂದಿರಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಹಿಂದಿರುಗುವ ದಿನ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಬೀಗರು ಕಟ್ಟಿಕೊಟ್ಟ ಬುತ್ತಿಯನ್ನು ಈ ಸಲ ನಾವೇ ಕೈಚೀಲದಲ್ಲಿ ಹಿಡಿದಿದ್ದೆವು. ಚಿತ್ರಾನ್ನ, ಒಬ್ಬಟ್ಟು, ಖಾರದ ಅವಲಕ್ಕಿ. ತಪಾಸಣೆಯವರು ಏನೂ ಅನ್ನಲಿಲ್ಲ. ಅಲ್ಲಿ ‘ಹಟ್ಟಿ ಕಾಪಿ’ಯ ಅಂಗಡಿಯೊಂದು ಕಂಡಿತು; ೨೦೦೯ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ ಆರಂಭವಾದದ್ದು, ಡಿಕಾಕ್ಷನ್ನಿನ ವಾಸನೆ ದೂರದಿಂದಲೇ ಕರೆಯುತ್ತಿತ್ತು. ಮನೆಯವರ ಮುಖ ಅರಳಿತು. ಬೆಲೆ ಕೇಳದೆ ಮೂರು ಕಾಫಿ ತಂದೆವು. ಚಹದ ಪಕ್ಷದ ಅಧ್ಯಕ್ಷೆ ಸಕ್ಕರೆಯಿಲ್ಲದ ಕಾಫಿಯನ್ನು ಊದಿ ಕುಡಿದು, “ಇರಲಿ, ಅಡ್ಡಿಯಿಲ್ಲ” ಎಂದು ತೀರ್ಪು ಕೊಟ್ಟಳು. ಆಮೇಲೆ ಮಡಿಲಲ್ಲಿ ಟವೆಲು ಹಾಸಿ ಡಬ್ಬಿ ಬಿಚ್ಚಿದಳು. ಪಕ್ಕದಲ್ಲಿ ಕೋಟು ತೊಟ್ಟ ಗೃಹಸ್ಥರೊಬ್ಬರು ಕುಳಿತಿದ್ದರು. ಅವ್ವ ಒಬ್ಬಟ್ಟು ಮುಂದೆ ಹಿಡಿದಾಗ ನಮಗೆ ಹಳೆಯ ಸಂಕೋಚ ಒಂದು ಸಲ ಇಣುಕಿತು. ಅವರು ಮೊಬೈಲು ಕೆಳಗಿಟ್ಟು, ಎರಡೂ ಕೈಯಿಂದ ತೆಗೆದುಕೊಂಡು, ತಮ್ಮ ಅಜ್ಜಿ ಹೀಗೇ ಮಾಡುತ್ತಿದ್ದರೆಂದರು. ಅವರು ಧಾರವಾಡದವರಂತೆ.

ಈ ಬೇಸಗೆ ರಜೆಯಲ್ಲಿ ಹಿರಿಯರನ್ನು ಕರೆದುಕೊಂಡು ಊರಿಗೆ ಹಾರುವ ಸಂಸಾರಗಳಿಗೆ ನಮ್ಮ ಅರಿಕೆ ಇಷ್ಟೆ. ಒಣ ತಿಂಡಿಯನ್ನು ಕೈಚೀಲದಲ್ಲೇ ಇಡಿ. ಇಡ್ಲಿ, ಚಪಾತಿ, ಅವಲಕ್ಕಿಗೆ ಅಡ್ಡಿಯಿಲ್ಲ. ಇಡಿಯ ಒಣಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಸಕ್ಕರೆಯನ್ನೋ ಗ್ಲೂಕೋಸನ್ನೋ ಜೇಬಿನಲ್ಲಿಟ್ಟುಕೊಳ್ಳಿ. ನಡುಕ, ಬೆವರು, ಅಸಂಬದ್ಧ ಮಾತು ಕಂಡ ಕೂಡಲೆ, ನುಂಗುವಷ್ಟು ಎಚ್ಚರವಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಟ್ಟು ನಿಲ್ದಾಣದ ವೈದ್ಯರನ್ನು ಕರೆಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಮೊದಲು ವೈದ್ಯರನ್ನೇ ಕರೆಸಿ. ಹೊತ್ತಿಗೆ ಸರಿಯಾಗಿ ಹೋದವರ ವಿಮಾನ ಎರಡು ಗಂಟೆ ತಡವಾದರೆ, ಪುಣೆ-ಬೆಂಗಳೂರಿನಂಥ ಎರಡೂವರೆ ಗಂಟೆಯೊಳಗಿನ ಹಾರಾಟಗಳಲ್ಲಿ ತಿಂಡಿ ಕೊಡುವ ಹೊಣೆ ವಿಮಾನ ಕಂಪನಿಯದೆಂದು ಸರಕಾರದ ನಿಯಮವೇ ಇದೆ, ಸಂಕೋಚಪಡದೆ ಕೇಳಿ.

ಮತ್ತು ನಿಮ್ಮ ತಾಯಿ ಬೆಲೆ ಕೇಳಿ “ನನಗ ಹಸಿವಿಲ್ಲ” ಎಂದರೆ ಆ ಒಂದು ಮಾತನ್ನು ಮಾತ್ರ ನಂಬಬೇಡಿ. ನಮ್ಮ ಅವ್ವ ಜೀವಮಾನದಲ್ಲಿ ಆಡಿದ ಸುಳ್ಳು ಅದೊಂದೇ. ನಾವು ಚಿಕ್ಕವರಿದ್ದಾಗ, ಮನೆಯಲ್ಲಿ ರೊಟ್ಟಿ ಕಡಿಮೆಯಿದ್ದ ದಿನಗಳಲ್ಲಿ, ಅದನ್ನು ಎಷ್ಟೋ ಸಲ ಆಡಿದ್ದಾಳೆ.